ದುಡ್ಡು ಕೊಟ್ಟು ತಂದ ಹುಲ್ಲು

ಮೊದಲ ಸಲ ನರ್ಸರಿಯಿಂದ ಹುಲ್ಲಿನ ಕುಂಡ ತಂದಾಗ ಅಮ್ಮ ನೋಡಿ ಕೇಳಿದ್ದು ಒಂದೇ ಮಾತು: "ಗರಿಕೆ ಆಗಿದ್ರೆ ಗಣಪತಿಗಾದ್ರೂ ಆಗೋದು. ಇದಕ್ಕೂ ದುಡ್ಡು ಕೊಟ್ಯಾ?" ಕೊಟ್ಟಿದ್ದೆ. ಅದೂ ಮೂರು ಕುಂಡಕ್ಕೆ.

ಮೈಸೂರಿನ ನಮ್ಮ ಮನೆ ಮುಂದೆ ಚೂರು ಲಾನ್ ಇತ್ತು. ಎಷ್ಟು ನೀರು ಹಾಕಿದರೂ ಮಾರ್ಚ್ ಹೊತ್ತಿಗೆ ಒಣಗಿ ಕೂರುತ್ತಿತ್ತು. ಬೇಸತ್ತು ಕಿತ್ತುಹಾಕಿದೆ. ಆ ಜಾಗಕ್ಕೆ ತಂದದ್ದೇ ಪರ್ಪಲ್ ಫೌಂಟೇನ್ ಗ್ರಾಸ್. ಗರಿಯೆಲ್ಲ ಕೆಂಪು ದ್ರಾಕ್ಷಿ ಬಣ್ಣ, ಮೇಲೆ ಅಳಿಲಿನ ಬಾಲದಂಥ ತೆನೆ. ಗಾಳಿ ಬಂದರೆ ಇಡೀ ಪೊದೆ ತೂಗುತ್ತದೆ.

ಪ್ರೀತಿ ಜಾಸ್ತಿಯಾಗಿ ಮೊದಲ ವರ್ಷವೇ ಕೆಡಿಸಿದೆ. ಗುಲಾಬಿಗೆ ಹಾಕುವ ಹಾಗೆ ತಿಂಗಳಿಗೊಮ್ಮೆ ಗೊಬ್ಬರ, ದಿನಾ ನೀರು. ಗರಿ ಮೂರಡಿ ದಾಟಿತು, ಒಂದು ಜೋರು ಮಳೆಗೆ ಕೂದಲು ಕೆದರಿದ ಹಾಗೆ ನಡುವೆ ಬಾಯಿ ಬಿಟ್ಟು ನೆಲಕ್ಕೆ ಒರಗಿತು. ಮಾವಿನ ಮರದ ಕೆಳಗೆ ನೆಟ್ಟ ಕುಂಡದ್ದಂತೂ ಬಣ್ಣವನ್ನೇ ಬಿಟ್ಟು ಹಸಿರಾಯಿತು. ಈ ಹುಲ್ಲಿಗೆ ಇಡೀ ದಿನದ ಬಿಸಿಲು ಬೇಕು, ಹೊಟ್ಟೆ ತುಂಬ ಊಟ ಬೇಡ. ಈಗ ವರ್ಷಕ್ಕೊಮ್ಮೆ ಬುಡಕ್ಕೆ ಎರಡು ಬೊಗಸೆ ಕಾಂಪೋಸ್ಟ್, ಅಷ್ಟೇ. ಬೇರೂರಿದ ಮೇಲೆ ಬೇಸಿಗೆಯಲ್ಲೂ ವಾರಕ್ಕೊಂದು ಸಲ ನೀರು ಸಾಕಾಗಿದೆ.

ನಿಜವಾದ ಕೆಲಸ ಇರುವುದು ಮಳೆಗೆ ಮುಂಚೆ. ಏಪ್ರಿಲ್ ಕೊನೆಗೆ ಗರಿಗಳನ್ನೆಲ್ಲ ಒಟ್ಟುಮಾಡಿ ಜಡೆ ಹಾಕಿದ ಹಾಗೆ ಗೋಣಿ ದಾರದಲ್ಲಿ ಬಿಗಿಯುತ್ತೇನೆ. ಆಮೇಲೆ ಕುಡುಗೋಲಿನಿಂದ ನೆಲದಿಂದ ಅರ್ಧ ಅಡಿ ಬಿಟ್ಟು ಕೊಯ್ದರೆ ಕಟ್ಟು ಇಡಿಯಾಗಿ ಕೈಗೆ ಬರುತ್ತದೆ. ಕಟ್ಟದೆ ಕೊಯ್ದ ವರ್ಷ ಅಂಗಳ ಗುಡಿಸಲು ಅರ್ಧ ದಿನ ಹಿಡಿದಿತ್ತು! ಕೊಯ್ದ ಬುಡ ನೋಡಿದರೆ ಸತ್ತೇಹೋಯಿತೇನೋ ಅನ್ನಿಸುತ್ತದೆ. ಹೆದರಬೇಡಿ, ಒಂದೆರಡು ಮಳೆ ಬೀಳಲಿ, ಚಿಗುರುತ್ತದೆ.

ಎರಡು ಮೂರು ವರ್ಷಕ್ಕೆ ಪೊದೆಯ ನಡುಭಾಗ ಒಣಗಿ ಬೋಳಾಗುತ್ತದೆ. ಆಗ ಹಾರೆ ಹಾಕಿ ಇಡೀ ಬುಡ ಎಬ್ಬಿಸಿ, ಮಚ್ಚಿನಿಂದ ನಾಲ್ಕು ಹೋಳು ಮಾಡುತ್ತೇನೆ. ಅಂಚಿನ ಎಳೆ ಭಾಗ ಇಟ್ಟುಕೊಂಡು ನಡುವಿನದನ್ನು ಎಸೆಯುವುದು. ಎರಡಡಿ ಅಂತರ ಬಿಟ್ಟು ನೆಟ್ಟರೆ ಸರಿ. ಹೀಗೇ ಮೂರು ಕುಂಡ ಈಗ ಹದಿನಾಲ್ಕು ಪೊದೆ ಆಗಿವೆ.

ಒಂದು ಎಚ್ಚರಿಕೆ. ಇದರ ಹಸಿರು ಜಾತಿಯನ್ನು ಮಾತ್ರ ತರಬೇಡಿ. ಕೆಂಪು ಹುಲ್ಲು ಮೊಳೆಯುವ ಬೀಜ ಕಟ್ಟುವುದು ಅಪರೂಪ, ಹಸಿರಿನದು ಹಾಗಲ್ಲ. ನಾನು ಸುಮ್ನೆ ಆಸೆಗೆ ಒಂದು ನೆಟ್ಟೆ. ಮರುವರ್ಷ ಚಪ್ಪಡಿ ಸಂದಿಯಲ್ಲಿ, ಪಕ್ಕದ ಖಾಲಿ ಸೈಟಿನಲ್ಲಿ ಎಲ್ಲೆಲ್ಲೂ ಅದೇ. ಈಗಲೂ ಕೀಳುತ್ತಲೇ ಇದ್ದೇನೆ.

ಕಾಂಪೌಂಡಿನ ಇಳಿಜಾರಿಗೆ ಲಾವಂಚ ಹಾಕಿದೆ. ಮಳೆಗೆ ಅಲ್ಲಿ ಮಣ್ಣು ಕೊಚ್ಚಿಹೋಗುತ್ತಿತ್ತು. ಅರ್ಧ ಅಡಿಗೊಂದರಂತೆ ಸಾಲಾಗಿ ನೆಟ್ಟೆ. ಇದರ ಬೇರು ಅಡ್ಡ ಹರಡದೆ ನೇರ ಕೆಳಕ್ಕೆ ಇಳಿಯುತ್ತದೆ, ಹಾಗಾಗಿ ಪಕ್ಕದ ಗಿಡಕ್ಕೆ ತೊಂದರೆ ಇಲ್ಲ. ಗರಿಯ ಅಂಚು ಚರ್ಮ ಗೀರುತ್ತದೆ, ತುಂಬು ತೋಳಿನ ಅಂಗಿ ಹಾಕಿಕೊಂಡೇ ಕೊಯ್ಯಿರಿ. ಕೊಯ್ದ ಗರಿ ಬದನೆ ಗಿಡಗಳ ಬುಡಕ್ಕೆ ಮುಚ್ಚಿಗೆ. ಹೋಳು ಮಾಡುವಾಗ ಸಿಕ್ಕ ಬೇರನ್ನು ಅಮ್ಮ ತೊಳೆದು ಒಣಗಿಸಿ ಕುಡಿಯುವ ನೀರಿನ ಮಡಕೆಗೆ ಹಾಕುತ್ತಾರೆ. ಈ ಹುಲ್ಲಿನ ಮೇಲೆ ಅವರಿಗೆ ತಕರಾರಿಲ್ಲ.

ತಕರಾರು ಇರುವುದು ಪಂಪಾಸ್ ಅನ್ನುವ ಎತ್ತರದ ಹುಲ್ಲಿನ ಮೇಲೆ. ಬೆಳ್ಳಿ ಚಾಮರದಂಥ ತೆನೆಯ ಫೋಟೊ ನೋಡಿ ತಂದೆ. ಮೂರು ವರ್ಷವಾಯಿತು, ಐದಡಿ ಜಾಗ ಹಿಡಿದು ಕೂತಿದೆ, ಒಂದು ತೆನೆ ಬಿಟ್ಟಿಲ್ಲ. ರಾಟವಾಳ ಹಕ್ಕಿಗಳು ಬಂದು ಗೂಡಿಗೆ ಗರಿ ಸೀಳಿಕೊಂಡು ಹೋಗುತ್ತವೆ ಅನ್ನುವ ಒಂದೇ ನೆಪಕ್ಕೆ ಈ ಸಲವೂ ಕೀಳದೆ ಬಿಟ್ಟಿದ್ದೇನೆ.