ಅಹವಾಲು ಸಭೆಯಲ್ಲಿ ನಿಮ್ಮ ಆಕ್ಷೇಪ ಕಡತಕ್ಕೆ ಸೇರಬೇಕಾದರೆ

ಗಣಿ, ಜಲವಿದ್ಯುತ್ ಯೋಜನೆ, ಉಷ್ಣ ಸ್ಥಾವರದಂಥ ದೊಡ್ಡ ಕಾಮಗಾರಿಗಳಿಗೆ ಪರಿಸರ ಅನುಮತಿ ನೀಡುವ ಮುನ್ನ ಸ್ಥಳೀಯರ ಅಹವಾಲು ಕೇಳಬೇಕೆಂದು ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ವಿಧಿಸುತ್ತದೆ. ಈ ಸಭೆ ಮತದಾನವಲ್ಲ. ನೆರೆದವರೆಲ್ಲ ಒಕ್ಕೊರಲಿನಿಂದ ವಿರೋಧಿಸಿದರೂ ಯೋಜನೆಯನ್ನು ತಿರಸ್ಕರಿಸುವ ಅಧಿಕಾರ ವೇದಿಕೆಯ ಮೇಲಿರುವ ಜಿಲ್ಲಾಧಿಕಾರಿಗೆ ಇಲ್ಲ. ಜನರ ಮಾತನ್ನು ದಾಖಲಿಸಿ, ಅನುಮತಿ ನೀಡುವ ಪ್ರಾಧಿಕಾರಕ್ಕೆ ತಲುಪಿಸುವುದಷ್ಟೇ ಆ ಸಭೆಯ ಕೆಲಸ. ಹೀಗಾಗಿ ಅಲ್ಲಿ ಎಷ್ಟು ಗಟ್ಟಿಯಾಗಿ ಮಾತನಾಡಿದಿರಿ ಎಂಬುದಕ್ಕಿಂತ ನಡಾವಳಿಯಲ್ಲಿ ಏನು ಉಳಿಯಿತು ಎಂಬುದು ಮುಖ್ಯ.

ಸಭೆಯನ್ನು ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲಿಯೂ ಒಂದು ಕನ್ನಡ ಪತ್ರಿಕೆಯಲ್ಲಿಯೂ ಪ್ರಕಟಣೆ ನೀಡಿ, ಕನಿಷ್ಠ 30 ದಿನಗಳ ಕಾಲಾವಕಾಶ ಕೊಡಬೇಕು. ಆ ಪ್ರಕಟಣೆಯನ್ನು ದಿನಾಂಕ ಕಾಣುವಂತೆ ಕತ್ತರಿಸಿ ಇಟ್ಟುಕೊಳ್ಳಿ. ಅವಧಿ ಕಡಿಮೆಯಾಗಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ.

ಮೂವತ್ತು ದಿನಗಳಲ್ಲಿ ಹೆಚ್ಚಿನ ಪಾಲನ್ನು ಓದಿಗೆ ಮೀಸಲಿಡಬೇಕು. ಪರಿಸರ ಪರಿಣಾಮ ಅಂದಾಜು ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಸ್ಥಳೀಯ ಸಂಸ್ಥೆಗಳಲ್ಲಿ ಸಭೆ ಮುಗಿಯುವ ತನಕ ಕಚೇರಿ ವೇಳೆಯಲ್ಲಿ ನೋಡಲು ಸಿಗಬೇಕು. ಕನ್ನಡದಲ್ಲಿ ಕಡ್ಡಾಯವಾಗಿ ಸಿಗುವುದು ಸಾರಾಂಶ ಮಾತ್ರ; ನೂರಾರು ಪುಟಗಳ ಮೂಲ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಮತ್ತು ಯೋಜನೆಯ ತೊಡಕುಗಳು ಸಾರಾಂಶದಲ್ಲಿ ಕಾಣುವುದು ಅಪರೂಪ. ಊರಿನ ಕಾಲೇಜು ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಅಧ್ಯಾಯಗಳನ್ನು ಹಂಚಿಕೊಟ್ಟು ಓದಿಸುವುದು ಒಳ್ಳೆಯ ಉಪಾಯ.

ಏನನ್ನು ಹುಡುಕಬೇಕೆಂಬುದಕ್ಕೆ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಒಳ್ಳೆಯ ಉದಾಹರಣೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆತ್ತಿ ಇಳಿಸುವ ಈ 2000 ಮೆಗಾವಾಟ್ ಯೋಜನೆಯ ಅಹವಾಲು ಸಭೆಗಳು 2025ರ ಸೆಪ್ಟೆಂಬರ್‌ನಲ್ಲಿ ನಡೆದವು. ಯೋಜನೆ ಶಿವಮೊಗ್ಗ ಮತ್ತು ಉತ್ತರ ಕನ್ನಡಗಳೆರಡಕ್ಕೂ ಸೇರಿರುವುದರಿಂದ ಎರಡೂ ಜಿಲ್ಲೆಗಳಲ್ಲಿ ಬೇರೆ ಬೇರೆ ಸಭೆ ಬೇಕಾಯಿತು. ಇಂಥ ಯೋಜನೆಯ ವರದಿಯಲ್ಲಿ ಸುರಂಗದಿಂದ ಹೊರಬರುವ ಕಲ್ಲುಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಆ ಜಾಗ ಯಾವ ಹಳ್ಳದ ದಡದಲ್ಲಿದೆ, ಬಂಡೆ ಸ್ಫೋಟದಿಂದ ಊರಿನ ಒರತೆ ಮತ್ತು ಬಾವಿಗಳಿಗೆ ಏನಾಗಬಹುದು, ರಸ್ತೆ ಮತ್ತು ವಿದ್ಯುತ್ ಮಾರ್ಗಕ್ಕೆ ಕಡಿಯುವ ಮರಗಳು ಲೆಕ್ಕದಲ್ಲಿ ಸೇರಿವೆಯೇ ಎಂಬುದನ್ನು ನೋಡಬೇಕು. ನೀರಿನ ಮಾದರಿಗಳನ್ನು ಯಾವ ತಿಂಗಳಲ್ಲಿ ತೆಗೆದರು ಎಂಬುದನ್ನಂತೂ ಬಿಡಬೇಡಿ: ಮಲೆನಾಡಿನ ಹಳ್ಳಕ್ಕೆ ಮಾರ್ಚ್‌ನಲ್ಲಿ ಒಂದು ರೂಪ, ಜುಲೈನಲ್ಲಿ ಇನ್ನೊಂದು.

ಆಕ್ಷೇಪಣೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಪ್ರತಿ ಅಂಶಕ್ಕೂ ವರದಿಯ ಪುಟಸಂಖ್ಯೆ, ಅಲ್ಲಿ ಹೇಳಿರುವ ಮಾತು, ನಿಮಗೆ ತಿಳಿದ ವಾಸ್ತವ, ಕೊನೆಗೆ ಉತ್ತರ ಬೇಕಾದ ಪ್ರಶ್ನೆ ಇರಲಿ. ‘ಪರಿಸರ ನಾಶವಾಗುತ್ತದೆ’ ಎಂಬ ವಾಕ್ಯಕ್ಕೆ ಕಂಪನಿ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಉತ್ತರಿಸಿ ಮುಗಿಸುತ್ತದೆ. ‘ಇಂಥ ಸರ್ವೆ ನಂಬರಿನ ಕೆರೆ ನಿಮ್ಮ ನಕ್ಷೆಯಲ್ಲಿ ಏಕಿಲ್ಲ’ ಎಂಬ ಪ್ರಶ್ನೆಗೆ ಹಾಗೆ ಉತ್ತರಿಸಲಾಗದು. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು ಸಹಿತ ಸ್ವೀಕೃತಿ ಪಡೆಯಿರಿ. ಬರಲಾಗದವರು, ಊರಿನಲ್ಲಿ ಜಮೀನಿದ್ದು ಹೊರಗೆ ನೆಲೆಸಿರುವವರು ಮಂಡಳಿಗೆ ಲಿಖಿತವಾಗಿ ಕಳುಹಿಸಬಹುದು.

ಸಭೆಗೆ ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ, ಆದ್ದರಿಂದ ಬಹಿಷ್ಕರಿಸಿದರೆ ಸಭೆ ನಿಲ್ಲುವುದಿಲ್ಲ. ನಿಮ್ಮ ಮಾತಷ್ಟೇ ಕಡತದಿಂದ ತಪ್ಪಿಹೋಗುತ್ತದೆ. ಹಾಜರಿದ್ದ ಪ್ರತಿಯೊಬ್ಬರಿಗೂ ಯೋಜನೆಯವರಿಂದ ವಿವರಣೆ ಕೇಳುವ ಹಕ್ಕಿದೆ ಮತ್ತು ಇಡೀ ಸಭೆಯ ವಿಡಿಯೊ ಚಿತ್ರೀಕರಣವಾಗಬೇಕು. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಬಹುತೇಕ ಜನ ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ, ಆದರೆ ನಿಜವಾಗಿ ಕುಳಿತುಕೊಳ್ಳಬೇಕಾದ ಹೊತ್ತು ಇದೇ. ನಿಮ್ಮ ಅಂಶ ಬಿಟ್ಟುಹೋಗಿದ್ದರೆ ಅಲ್ಲಿಯೇ ಸೇರಿಸಲು ಕೇಳಿ. ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯ ಒಪ್ಪಿಗೆ ಬೇರೆಯೇ ವಿಷಯ, ಇಲ್ಲಿನ ಹಾಜರಿ ಸಹಿ ಅದಕ್ಕೆ ಬದಲಿಯಾಗದು.

ವಿದ್ಯುತ್ ದರದ ವಿಚಾರಣೆಯ ದಾರಿ ಬೇರೆ. ಬೆಸ್ಕಾಂ, ಹೆಸ್ಕಾಂ ಮುಂತಾದ ಕಂಪನಿಗಳು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ದರ ಪರಿಷ್ಕರಣೆಯ ಅರ್ಜಿ ಸಲ್ಲಿಸಿದಾಗ ಪತ್ರಿಕೆಗಳಲ್ಲಿ ಅದರ ಸಾರಾಂಶ ಬರುತ್ತದೆ. ಗಡುವಿನೊಳಗೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಆಕ್ಷೇಪಣೆ ಸಲ್ಲಿಸಿ, ಖುದ್ದಾಗಿ ಮಾತನಾಡಲು ಇಚ್ಛಿಸುತ್ತೀರಿ ಎಂಬುದನ್ನು ಅದರಲ್ಲಿಯೇ ನಮೂದಿಸಿ. ಮೀಟರ್ ಇಲ್ಲದ ಕೃಷಿ ಪಂಪ್‌ಸೆಟ್‌ಗಳ ಬಳಕೆಯನ್ನು ಹೇಗೆ ಅಂದಾಜಿಸಿದರು ಎಂದು ಕೇಳುವುದು ಯಾವತ್ತೂ ಫಲಕಾರಿ, ಏಕೆಂದರೆ ಆ ಅಂಕಿ ಹಿಗ್ಗಿದರೆ ಕಂಪನಿಯ ವಿತರಣಾ ನಷ್ಟ, ಅಂದರೆ ಬಳಕೆದಾರರನ್ನು ತಲುಪದೆ ದಾರಿಯಲ್ಲಿ ಕಳೆದುಹೋಗುವ ವಿದ್ಯುತ್, ಕಾಗದದ ಮೇಲೆ ಕುಗ್ಗುತ್ತದೆ.

ಆದೇಶ ಬಂದ ಬಳಿಕವೂ ಗಡುವುಗಳಿವೆ. ಪರಿಸರ ಅನುಮತಿಯ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬೇಕು, ಸಕಾರಣವಿದ್ದರೆ ಇನ್ನೂ 60 ದಿನಗಳವರೆಗೆ ವಿಳಂಬವನ್ನು ಮನ್ನಿಸಬಹುದು. ದರದ ಆದೇಶಕ್ಕಾದರೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯಲ್ಲಿ 45 ದಿನ. ಮೇಲ್ಮನವಿಯೊಂದಿಗೆ ಲಗತ್ತಿಸಲು ಸ್ವೀಕೃತಿಯ ಪ್ರತಿ ಮತ್ತು ನಡಾವಳಿಯ ನಕಲು ಕೈಯಲ್ಲಿರಲಿ.