ಕೇಪಿನ ಕೋವಿಯ ಬೆಂಕಿದಾರಿಯನ್ನು ತೊಳೆಯುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಬೆಳೆರಕ್ಷಣೆಯ ಪರವಾನಗಿಯ ಮೇಲೆ ಇರಿಸಿಕೊಂಡ ಕೇಪಿನ ಕೋವಿಗಳು ಕೈಕೊಡುವ ಬಗೆ ಬಹುಮಟ್ಟಿಗೆ ಒಂದೇ. ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಬೀಳುತ್ತದೆ, ಕೇಪು (ಪೆಟ್ಟಿಗೆ ಸಿಡಿದು ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿಗೆ) ಸಿಡಿಯುತ್ತದೆ, ಬಾಯಿಯಿಂದ ತುಂಬಿದ ನಳಿಗೆಯೊಳಗಿನ ಮದ್ದು ಮಾತ್ರ ಹೊತ್ತಿಕೊಳ್ಳುವುದಿಲ್ಲ. ಮನೆಯವರು ಕೇಪನ್ನು ದೂರಿ ಹೊಸ ಡಬ್ಬಿ ತರುತ್ತಾರೆ, ಅದೂ ಹಾಗೆಯೇ ಆದಾಗ ಮದ್ದನ್ನು ದೂರುತ್ತಾರೆ. ಇಷ್ಟು ವರ್ಷಗಳಲ್ಲಿ ನಮ್ಮ ಸುತ್ತಮುತ್ತ ಬಿಚ್ಚಿದ ಕೋವಿಗಳನ್ನು ನೋಡಿದಾಗಲೆಲ್ಲ ದೋಷ ಕಂಡದ್ದು ಇವೆರಡರ ನಡುವಿನ ದಾರಿಯಲ್ಲಿ. ಕೇಪು ಕೂರುವ ಮೊಳೆಯಂಥ ನಿಪ್ಪಲಿನ ಸಣ್ಣ ರಂಧ್ರದಿಂದ ಕೆಳಗಿಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿ ನಳಿಗೆಯ ಬುಡ ಸೇರುವ ಆ ಬೆಂಕಿದಾರಿಯ ತಿರುವಿನಲ್ಲಿ ಮಸಿ ಗಟ್ಟಿಯಾಗಿ ಕೂತಿರುತ್ತದೆ.

ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯೊಡನೆ ತೇಲುವ ಅಥವಾ ನಳಿಗೆಗೆ ಮೆತ್ತಿಕೊಳ್ಳುವ ಘನ ಪದಾರ್ಥವಾಗುತ್ತದೆ. ಅದರಲ್ಲಿ ಹೆಚ್ಚಿನದು ಪೊಟ್ಯಾಸಿಯಂ ಲವಣಗಳು. ಅವು ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಇದಕ್ಕೆ ವಾರಗಟ್ಟಲೆ ಬೇಕಾಗಿಲ್ಲ, ಎರಡು ರಾತ್ರಿ ಸಾಕು. ಲವಣ ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಈ ಒಂದು ಸಂಗತಿ ತಿಳಿಯದೆ ಹೋದದ್ದರಿಂದಲೇ ನಮ್ಮ ಕಡೆ ಎಷ್ಟೋ ಒಳ್ಳೆಯ ಕೋವಿಗಳು ಹಾಳಾಗಿವೆ. ಮಸಿಯ ಮೇಲೆ ಎಣ್ಣೆ ಸುರಿದರೆ ಅದು ಡಾಂಬರಿನಂತಾಗಿ, ಅಡಿಯಲ್ಲಿ ತುಕ್ಕು ತನ್ನ ಕೆಲಸವನ್ನು ಮುಂದುವರಿಸುತ್ತದೆ.

ಇದನ್ನೆಲ್ಲ ತೊಳೆಯುವ ಬದಲು ಕೇಪಿನ ವ್ಯವಸ್ಥೆಯನ್ನೇ ತೆಗೆದು ತೋಟೆಯ (ಕಾರ್ಟ್ರಿಜ್) ಹಿಂಬದಿಯಲ್ಲಿ ಕಿಡಿ ಕೊಡುವ ಪ್ರೈಮರ್ ಕೂರುವಂತೆ ಮಾಡಿಸಬಹುದಲ್ಲವೇ ಎಂದು ಈಚೆಗೆ ಯುವಕರು ಕೇಳುತ್ತಾರೆ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಜಾನ್ ಫೋರ್ಸಿತ್ ಪೆಟ್ಟು ಬಿದ್ದೊಡನೆ ಸಿಡಿಯುವ ಮದ್ದನ್ನು ಕೋವಿಗೆ ಬಳಸುವ ಪೇಟೆಂಟ್ ಪಡೆದ ಮೇಲೆ ಕೇಪಿನ ಕೋವಿ ರೂಪುಗೊಂಡಿತು. 1985ರಲ್ಲಿ ಅಮೆರಿಕದ ಟೋನಿ ನೈಟ್ ಎಂಕೆ-85 ಎಂಬ ಕೋವಿಯಲ್ಲಿ ನಿಪ್ಪಲನ್ನು ನಳಿಗೆಯ ನೇರಕ್ಕೇ, ಹಿಂಬದಿಯಲ್ಲಿ ಕೂರಿಸಿದರು. ಬೆಂಕಿ ತಿರುವಿಲ್ಲದೆ ಮದ್ದಿಗೆ ತಲಪುವ ಆ ಮಾದರಿಗೆ ಮುಂದೆ 209 ಸಂಖ್ಯೆಯ ಪ್ರೈಮರ್ ಹೊಂದಿಕೊಂಡಿತು. ಅವುಗಳ ಹಿಂಬದಿಯ ಪ್ಲಗ್ಗು ಅಂಥ ಒತ್ತಡಕ್ಕೆಂದೇ ರೂಪುಗೊಂಡದ್ದು. ನಮ್ಮ ಅಜ್ಜಂದಿರ ಕಾಲದ ನಳಿಗೆಗಳು ಅದಕ್ಕಾಗಿ ಹುಟ್ಟಿದವಲ್ಲ. ಅಲ್ಲದೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿಯಿಲ್ಲದವರು ಆಯುಧವನ್ನು ದುರಸ್ತಿ ಮಾಡುವಂತಿಲ್ಲ, ಪರಿವರ್ತಿಸುವಂತೆಯೂ ಇಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಇಂಥ ಕೆಲಸ ಮಾಡಿಸಲು ಹೊರಟವರಿಗೆ ನಾನು ಹೇಳುವುದು ಬೇಡ ಎಂಬ ಒಂದೇ ಮಾತು. ಹಳೆಯ ವ್ಯವಸ್ಥೆ ಶುಚಿಯಾಗಿದ್ದರೆ ಅದರಿಂದ ಆಗಬೇಕಾದ ಕೆಲಸ ಆಗುತ್ತದೆ.

ಕೆಲಸದ ಮೊದಲ ಹಂತ ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳುವುದು. ನಿಪ್ಪಲಿನ ಮೇಲೆ ಕೇಪು ಉಳಿದಿದ್ದರೆ ತೆಗೆಯಿರಿ, ನಳಿಗೆಯ ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಬಾಯಿಯ ನೇರಕ್ಕೆ ಮುಖವನ್ನಾಗಲಿ ಕೈಯನ್ನಾಗಲಿ ಒಡ್ಡದೆ ಗಜವನ್ನು (ನಳಿಗೆಗೆ ಇಳಿಸುವ ಉದ್ದನೆಯ ಕೋಲು) ನಿಧಾನವಾಗಿ ಒಳಗಿಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಗುರುತು ಮಾಡಿಕೊಳ್ಳಿ. ಅನಂತರ ಗಜವನ್ನು ಹೊರತೆಗೆದು, ನಳಿಗೆಯ ಹೊರಮೈಗೆ ಒತ್ತಾಗಿ ಹಿಡಿದು, ಆ ಗುರುತನ್ನು ಬಾಯಿಗೆ ಹೊಂದಿಸಿರಿ. ಗಜದ ತುದಿ ನಿಪ್ಪಲಿನ ಬುಡದ ಹತ್ತಿರಕ್ಕೆ ಬಂದರೆ ನಳಿಗೆ ಖಾಲಿ. ಎರಡು ಮೂರು ಬೆರಳಿನಷ್ಟು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಅದು ಅಪ್ಪನೋ ಚಿಕ್ಕಪ್ಪನೋ ಎಂದೋ ತುಂಬಿಟ್ಟು ಮರೆತ ಈಡು, ಅಂದರೆ ಮದ್ದುಗುಂಡು, ಆಗಿರಬಹುದು. ಆಗ ಕೋವಿಯನ್ನು ಅಲ್ಲಿಗೇ ಬಿಟ್ಟು ಪರವಾನಗಿ ಹೊಂದಿದ ದುರಸ್ತಿಗಾರರನ್ನು ಕರೆಸಬೇಕು. ಖಾಲಿ ಎಂದು ಖಾತ್ರಿಯಾದ ಕೋವಿಯ ಬಾಯಿಯೊಳಗೆ ಗಜವನ್ನು ಒಮ್ಮೆ ಇಳಿಸಿ ಗುರುತನ್ನು ಶಾಶ್ವತವಾಗಿ ಕೊರೆದಿಟ್ಟುಕೊಂಡರೆ ಮುಂದಿನ ವರ್ಷಗಳಿಗೂ ಒದಗುತ್ತದೆ. ಕೇಪು ಸಿಡಿದೂ ಈಡು ಹೊರಡದೆ ಹೋದ ಸಂದರ್ಭದಲ್ಲಿ ಕನಿಷ್ಠ ಒಂದು ನಿಮಿಷ ಕೋವಿಯನ್ನು ಅದೇ ದಿಕ್ಕಿಗೆ ಹಿಡಿದಿರಬೇಕು, ಏಕೆಂದರೆ ಮಸಿಯಲ್ಲಿ ಅಡಗಿದ ಕಿಡಿ ತಡವಾಗಿ ಮದ್ದನ್ನು ಮುಟ್ಟುವುದುಂಟು.

ನಿಪ್ಪಲನ್ನು ಅದಕ್ಕೆಂದೇ ಇರುವ ಕೀಲಿಯಿಂದಲೇ ತಿರುಗಿಸಬೇಕು. ಇಕ್ಕಳ ಹಾಕಿದರೆ ಅಂಚು ಉರುಟಾಗಿ, ಮುಂದೆ ಯಾವ ಕೀಲಿಯೂ ಹಿಡಿಯುವುದಿಲ್ಲ. ಕದಲದಿದ್ದರೆ ಹಿಂದಿನ ರಾತ್ರಿ ನಿಪ್ಪಲಿನ ತಿರುಪಿನ ಎಳೆಗಳ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಹನಿ ಬಿಟ್ಟಿಡಿ. ಅದಕ್ಕೂ ಬಗ್ಗದಿದ್ದರೆ ಬಲ ಹಾಕಬೇಡಿ, ಬೆಂಕಿ ತೋರಿಸಲೇಬೇಡಿ, ದುರಸ್ತಿಗಾರರಿಗೆ ಒಯ್ಯಿರಿ.

ಇನ್ನು ತೊಳೆಯುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಬಚ್ಚಲ ಹಂಡೆಯಿಂದ ಕೈಗೆ ತಡೆಯುವಷ್ಟು ಬಿಸಿಯಾದ ನೀರನ್ನು ಬಕೆಟ್ಟಿಗೆ ತೆಗೆದುಕೊಂಡು, ಪಾತ್ರೆ ತೊಳೆಯುವ ಸಾಬೂನಿನ ಒಂದೆರಡು ಹನಿ ಬೆರೆಸಿ. ಕೊತಕೊತ ಕುದಿಯುವ ನೀರು ಬೇಡ. ಅದರಿಂದ ನಳಿಗೆ ಬೇಗ ಒಣಗುತ್ತದೆಂಬುದು ನಿಜವಾದರೂ, ಒಣಗುವ ಕ್ಷಣದಲ್ಲೇ ಕೆಂಪು ತುಕ್ಕಿನ ತೆಳುಪದರ ಏಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಳಿಗೆಯನ್ನು ಮರದ ಹಿಡಿಯಿಂದ ಸುಲಭವಾಗಿ ಬಿಡಿಸಬಹುದಾದ ಕೋವಿಯಾದರೆ ಅದರ ಬುಡವನ್ನು ನೇರವಾಗಿ ಬಕೆಟ್ಟಿನಲ್ಲಿ ಇಳಿಸಿ. ಪಟ್ಟಿಗಳಿಂದ ಬಿಗಿದ ನಳಿಗೆಯನ್ನು ಬಿಚ್ಚುವ ಅಗತ್ಯವಿಲ್ಲ. ನಿಪ್ಪಲು ಕೂರುವ ರಂಧ್ರಕ್ಕೆ ಬಿಗಿಯಾಗಿ ಹೊಂದುವ ರಬ್ಬರ್ ನಳಿಕೆಯ ತುದಿಯನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನಲ್ಲಿ ಮುಳುಗಿಸಿದರೆ ಸಾಕು. ಮರಕ್ಕೆ ನೀರು ಇಳಿಯದಂತೆ ಸುತ್ತಲೂ ಜೇನುಮೇಣ ಒತ್ತಿ, ಬಟ್ಟೆ ಸುತ್ತಿಕೊಳ್ಳಿ. ಬಳಿಕ ಗಜದ ತುದಿಗೆ ನಳಿಗೆಗೆ ಬಿಗಿಯಾಗುವಷ್ಟು ಹತ್ತಿಬಟ್ಟೆ ಸುತ್ತಿ, ಬಾಯಿಯಿಂದ ಬುಡದವರೆಗೆ ಇಳಿಸಿ ಮೇಲಕ್ಕೆಳೆಯಿರಿ. ಮೇಲಕ್ಕೆಳೆದಾಗ ಬಕೆಟ್ಟಿನ ನೀರು ಬೆಂಕಿದಾರಿಯ ಮೂಲಕ ನಳಿಗೆಯೊಳಗೆ ಹೀರಿಕೊಳ್ಳುತ್ತದೆ, ಒತ್ತಿದಾಗ ಅದೇ ದಾರಿಯಿಂದ ಕರಿನೀರಾಗಿ ಹೊರಬೀಳುತ್ತದೆ. ನೀರು ಎರಡು ಕಡೆಗೂ ಓಡಾಡುವುದೇ ಈ ಕೆಲಸದ ಜೀವಾಳ. ಬಾಯಿಯಿಂದ ಚೊಂಬಿನಲ್ಲಿ ನೀರು ಹೊಯ್ದು ಕುಲುಕಿ ಚೆಲ್ಲುವವರ ಕೋವಿಯಲ್ಲಿ ನಳಿಗೆ ಹೊಳೆಯುತ್ತದೆ, ತಿರುವು ಮಾತ್ರ ಹಾಗೆಯೇ ಕಟ್ಟಿಕೊಂಡಿರುತ್ತದೆ.

ಮೊದಲ ಬಕೆಟ್ಟಿನ ನೀರು ಮಸಿಯಂತೆ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ; ಅದು ಮದ್ದಿನ ಗಂಧಕದ ಶೇಷ. ನೀರನ್ನು ಬದಲಾಯಿಸಿ, ತಿರುಗಿ ಆಡಿಸಿ. ನಡುವೆ ಒಮ್ಮೆ ನಿಲ್ಲಿಸಿ, ಕೋಳಿಯ ರೆಕ್ಕೆಯ ಗರಿಯೊಂದನ್ನು ನಿಪ್ಪಲು ಕೂರುವ ರಂಧ್ರದಿಂದ ಒಳಕ್ಕೆ ತೂರಿಸಿ, ತಿರುವು ಬಂದಲ್ಲಿ ಬೆರಳುಗಳ ನಡುವೆ ಹೊರಳಿಸಿ ಎಳೆಯಬೇಕು. ಗರಿ ಬಾಗುತ್ತದೆ, ಉಕ್ಕಿನ ಸೂಜಿ ಬಾಗುವುದಿಲ್ಲ. ಸೂಜಿ ಹಾಕಿದವರು ದಾರಿಯ ಗೋಡೆಯನ್ನು ಗೀಚಿ ಮುಂದಿನ ಮಸಿಗೆ ನೆಲೆ ಮಾಡಿಕೊಟ್ಟಂತಾಗುತ್ತದೆ, ಇಲ್ಲವೇ ತುದಿ ಮುರಿದು ಒಳಗೇ ಉಳಿಯುತ್ತದೆ. ನಿಪ್ಪಲಿನ ರಂಧ್ರಕ್ಕೆ ಮಾತ್ರ ತೆಳುವಾದ ತಾಮ್ರದ ತಂತಿ ಸಲ್ಲುತ್ತದೆ. ಕೊನೆಯದಾಗಿ ಸಾಬೂನಿಲ್ಲದ ನೀರಿನಲ್ಲಿ ಆಡಿಸಿ. ಬಿಳಿಬಟ್ಟೆಗೆ ಬೂದುಬಣ್ಣವೂ ಹತ್ತದೆ ಬರುವವರೆಗೆ ಕೈಬಿಡಬೇಡಿ. ಅಂಗಡಿಯಲ್ಲಿ ತುಕ್ಕು ಬಿಡಿಸಲೆಂದು ಮಾರುವ ಸ್ಪ್ರೇ ಡಬ್ಬಿಗಳನ್ನು ನೀರಿನ ಬದಲಿಗೆ ಬಳಸುವ ಅಡ್ಡದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಒಣಬಟ್ಟೆಗಳಿಂದ ಒರೆಸಿ, ಬೆಂಕಿದಾರಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿರಿ. ಕೊಬ್ಬರಿ ಎಣ್ಣೆ ಬೇಡ, ಅದು ಚಳಿಗೆ ಹೆಪ್ಪುಗಟ್ಟಿ ಬೆಂಕಿದಾರಿಯನ್ನು ಮುಚ್ಚುತ್ತದೆ.

ನಿಪ್ಪಲನ್ನು ಮರಳಿ ಕೂರಿಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ಹೊಸ ನಿಪ್ಪಲಿನ ರಂಧ್ರ ಸುಮಾರು 0.7 ಮಿಲಿಮೀಟರ್ ಇರುತ್ತದೆ. ಬಳಕೆಯಿಂದ ಅದು ಅಗಲವಾದಾಗ ನಳಿಗೆಯ ಒತ್ತಡ ಹಿಂದಕ್ಕೆ ನುಗ್ಗಿ ಕುದುರೆಯನ್ನೆತ್ತುತ್ತದೆ, ಕೇಪಿನ ಚೂರುಗಳು ಕಣ್ಣಿನತ್ತ ಹಾರುತ್ತವೆ. ತಲೆ ಅಣಬೆಯಂತೆ ಅಗಲವಾಗಿದ್ದರೆ, ಕೇಪಿಲ್ಲದೆ ಕುದುರೆ ಬೀಳಿಸುವ ಆಟವನ್ನು ಮನೆಯಲ್ಲಿ ಯಾರೋ ಆಡಿದ್ದಾರೆ ಎಂದರ್ಥ. ಅಂಥ ತಲೆಯ ಮೇಲೆ ಕೇಪು ಪೂರ್ತಿ ಕೂರುವುದಿಲ್ಲ. ಕುದುರೆಯ ಮೊದಲ ಏಟು ಅದನ್ನು ಕೆಳಕ್ಕೆ ತಳ್ಳುವುದರಲ್ಲೇ ಮುಗಿದು, ಎರಡನೆಯ ಏಟಿಗೆ ಸಿಡಿಯುತ್ತದೆ. ಈ ಎರಡು ಲಕ್ಷಣಗಳಲ್ಲಿ ಯಾವುದು ಕಂಡರೂ ನಿಪ್ಪಲನ್ನು ಬದಲಿಸಲೇಬೇಕು, ಮತ್ತು ಆ ಕೆಲಸ ಪರವಾನಗಿಯುಳ್ಳ ದುರಸ್ತಿಗಾರರದು. ಕಾಲಿಂಚಿನ ಎಳೆಗೂ ಆರು ಮಿಲಿಮೀಟರ್ ಎಳೆಗೂ ಕಣ್ಣಿಗೆ ಕಾಣುವ ಅಂತರ ಕೂದಲೆಳೆಯಷ್ಟು. ತಪ್ಪು ನಿಪ್ಪಲು ಸಡಿಲವಾಗಿ ಕೂತು ಒತ್ತಡಕ್ಕೆ ಹಾರಿಹೋಗಬಹುದು, ಇಲ್ಲವೇ ನಳಿಗೆಯ ಎಳೆಯನ್ನೇ ತಿಂದುಹಾಕಬಹುದು. ಸರಿಯಿರುವ ನಿಪ್ಪಲಾದರೆ ಎಳೆಗಳಿಗೆ ತಾಮ್ರದ ಪುಡಿ ಬೆರೆತ ಗ್ರೀಸನ್ನು ಸಾಸಿವೆಯಷ್ಟು ಹಚ್ಚಿ, ಬೆರಳಿನಿಂದ ತಿರುಗಿಸಿ, ಕೀಲಿಯಿಂದ ಹಿತವಾಗಿ ಬಿಗಿಯಿರಿ.

ಚುನಾವಣೆಗೆ ಮುನ್ನ ಠಾಣೆಗೆ ಒಪ್ಪಿಸಬೇಕಾದ ಕೋವಿಯನ್ನೂ ಹೀಗೆಯೇ ತೊಳೆದು ಕೊಡಿ, ಏಕೆಂದರೆ ತಿಂಗಳುಗಟ್ಟಲೆ ಅದನ್ನು ತೆರೆದು ನೋಡುವ ಅವಕಾಶ ನಿಮಗಿರುವುದಿಲ್ಲ. ಆಯುಧಪೂಜೆಯಂದು ಗಂಧ, ಕುಂಕುಮವನ್ನು ಮರದ ಹಿಡಿಗೆ ಇಡಿ, ನಿಪ್ಪಲಿಗೆ ಬೇಡ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರಲೆಂದು ಇಡುವುದೂ ತಪ್ಪು. ಅಲ್ಲಿ ಹೊಗೆಯ ಕಿಟ್ಟ ಸೇರುತ್ತದೆ. ಗಾಳಿಯಾಡುವ ಕೋಣೆಯಲ್ಲಿ, ಬೀಗದೊಳಗೆ, ಬಾಯಿ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಬೆಂಕಿದಾರಿಗಿಳಿಯದೆ ಬಾಯಿಯತ್ತ ಹರಿಯುತ್ತದೆ. ಮೂರನೆಯ ದಿನ ಒಣ ಬಿಳಿಬಟ್ಟೆಯನ್ನು ಬುಡದವರೆಗೆ ಇಳಿಸಿ ತೆಗೆಯಿರಿ. ಬಟ್ಟೆಯಲ್ಲಿ ಕಂದುಗೆರೆ ಕಂಡರೆ ಎಲ್ಲೋ ಲವಣ ಉಳಿದಿದೆ, ಬಕೆಟ್ಟಿನಿಂದ ಮತ್ತೆ ಶುರುಮಾಡಬೇಕು. ಪುನರ್ವಸು, ಪುಷ್ಯ ಮಳೆಗಳು ಹಿಡಿದಿರುವ ದಿನಗಳಲ್ಲಿ ಈ ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡಿರಿ.