ಸಿನಿಮಾ ನೋಡಿ ಬಂದ ಸಾಮಾನ್ಯ ಪ್ರೇಕ್ಷಕರು ಅಭಿಪ್ರಾಯ ಹೇಳುವ ಬಗೆ

ಚಿತ್ರಮಂದಿರದ ಮೆಟ್ಟಿಲು ಇಳಿಯುವಷ್ಟರಲ್ಲಿ ಮನೆಯಿಂದಲೋ ಸ್ನೇಹಿತರಿಂದಲೋ ‘ಹೇಗಿತ್ತು?’ ಎಂಬ ಪ್ರಶ್ನೆ ಬಂದಿರುತ್ತದೆ. ನಾವು ‘ಸೂಪರ್’ ಎಂದೋ, ‘ಒಂದ್ಸಲ ನೋಡಬಹುದು’ ಎಂದೋ, ‘ಫಸ್ಟ್ ಹಾಫ್ ಚೆನ್ನಾಗಿದೆ, ಸೆಕೆಂಡ್ ಹಾಫ್ ಲ್ಯಾಗ್’ ಎಂದೋ ಉತ್ತರಿಸಿ ಪಾರಾಗುತ್ತೇವೆ. ಇಂಥ ಉತ್ತರದಿಂದ ಕೇಳಿದವರಿಗೆ ಟಿಕೆಟ್ ತೆಗೆಯಬೇಕೋ ಬೇಡವೋ ಎಂಬುದು ತಿಳಿಯುವುದಿಲ್ಲ, ನಮಗೂ ನಾವು ನೋಡಿದ್ದೇನು ಎಂಬುದು ಸ್ಪಷ್ಟವಾಗುವುದಿಲ್ಲ. ವಿಮರ್ಶಕರಲ್ಲದ, ಕ್ಯಾಮೆರಾ ವಿದ್ಯೆ ಕಲಿಯದ, ತಿಂಗಳಿಗೊಂದೋ ಎರಡೋ ಚಿತ್ರ ನೋಡುವ ನಮ್ಮಂಥವರ ಮಾತಿಗೂ ಬೆಲೆ ಬರಬೇಕಾದರೆ, ಚಿತ್ರದ ಯಾವ ಜಾಗದಲ್ಲಿ ನಮಗೆ ಏನಾಯಿತು ಎಂಬುದನ್ನು ಎರವಲು ಮಾತಿಲ್ಲದೆ ಹೇಳುವುದನ್ನು ರೂಢಿಸಿಕೊಳ್ಳಬೇಕು.

ಅಭಿಪ್ರಾಯ ಸಿದ್ಧವಾಗುವ ತನಕ ಬೇರೆಯವರ ಅಭಿಪ್ರಾಯವನ್ನು ಓದದಿರುವುದು ಮೊದಲ ಕೆಲಸ. ಮಧ್ಯಂತರದಲ್ಲಿ ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು ಫೋನ್ ತೆರೆದು, ಯಾರೋ ಕೊಟ್ಟ ನಕ್ಷತ್ರಗಳನ್ನು ಎಣಿಸಿಬಿಟ್ಟರೆ ಉಳಿದರ್ಧ ಚಿತ್ರವನ್ನು ಅವರ ಕಣ್ಣಿನಿಂದಲೇ ನೋಡಬೇಕಾಗುತ್ತದೆ. ಆ ಹತ್ತು ನಿಮಿಷವನ್ನು ಬೇರೆ ರೀತಿಯಲ್ಲಿ ಬಳಸಿಕೊಳ್ಳಬಹುದು. ನಮ್ಮ ಚಿತ್ರಗಳು ಮಧ್ಯಂತರವನ್ನು ಲೆಕ್ಕದಲ್ಲಿಟ್ಟುಕೊಂಡೇ ಕಟ್ಟಿದ ಚಿತ್ರಗಳು. ದೀಪ ಹೊತ್ತಿಕೊಳ್ಳುವ ಕ್ಷಣದಲ್ಲಿ ಕಥೆ ಯಾವ ಪ್ರಶ್ನೆಯನ್ನು ಬಾಕಿ ಇಟ್ಟಿದೆ, ಅದರ ಉತ್ತರ ತಿಳಿಯಲೇಬೇಕೆಂದು ನಿಮಗೆ ಅನ್ನಿಸುತ್ತಿದೆಯೇ, ಅಥವಾ ಟಿಕೆಟ್‌ಗೆ ದುಡ್ಡು ಕೊಟ್ಟಾಗಿದೆ ಎಂಬ ಕಾರಣಕ್ಕೆ ಮಾತ್ರ ಒಳಗೆ ಹೋಗುತ್ತಿದ್ದೀರೇ ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಚಿತ್ರ ಮುಗಿದ ಮೇಲೆ ಕೊನೆಯ ಹಾಡೋ ಹೊಡೆದಾಟವೋ ಮೊದಲಿನದನ್ನೆಲ್ಲ ಮರೆಸಿಬಿಡುವುದುಂಟು. ಆಗ ಈ ಎರಡು ಸಾಲುಗಳೇ ಸಾಕ್ಷಿಯಾಗುತ್ತವೆ.

ಎರಡನೆಯದಾಗಿ, ಚಿತ್ರದ ದೋಷವನ್ನೂ ಚಿತ್ರಮಂದಿರದ ದೋಷವನ್ನೂ ಬೇರೆಬೇರೆಯಾಗಿ ನೋಡಬೇಕು. ಪ್ರೊಜೆಕ್ಟರ್‌ನ ದೀಪ ಹಳತಾಗಿದ್ದರೆ ರಾತ್ರಿಯ ದೃಶ್ಯಗಳೆಲ್ಲ ಮಸಿ ಬಳಿದಂತೆ ಕಾಣುತ್ತವೆ, ಸ್ಪೀಕರ್ ಕೆಟ್ಟಿದ್ದರೆ ಸಂಭಾಷಣೆ ಹಿನ್ನೆಲೆ ಸಂಗೀತದಡಿ ಹೂತುಹೋಗುತ್ತದೆ. ಇಂಥ ಕಡೆ ಛಾಯಾಗ್ರಾಹಕರನ್ನು ಬೈಯುವುದು ಅನ್ಯಾಯ. ಅನುಮಾನವಿದ್ದರೆ ಅದೇ ಚಿತ್ರದ ಟ್ರೇಲರನ್ನು ಮನೆಯ ಟಿವಿಯಲ್ಲಿ ಒಮ್ಮೆ ನೋಡಿದರೆ ತಪ್ಪು ಎಲ್ಲಿಯದೆಂದು ಬಹುಮಟ್ಟಿಗೆ ತಿಳಿಯುತ್ತದೆ. ಹಿಂದಿನ ಸಾಲಿನವರು ಇಡೀ ಕಥೆಯನ್ನು ಪಕ್ಕದವರಿಗೆ ಮೊದಲೇ ಹೇಳುತ್ತಿದ್ದರು ಎಂಬುದೂ ನಿರ್ದೇಶಕರ ತಪ್ಪಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಚಿತ್ರ ಯಾವ ಕೆಲಸಕ್ಕೆ ಹೊರಟಿದೆ ಎಂಬುದನ್ನು ಅರಿತು, ಆ ಕೆಲಸವನ್ನು ಅದು ಮಾಡಿತೇ ಎಂದು ಕೇಳಬೇಕು. ‘ಮುಂಗಾರು ಮಳೆ’ (2006) ಚಿತ್ರದ ಕಥೆಯನ್ನು ಅಂಗೈಯಗಲದ ಕಾಗದದಲ್ಲಿ ಬರೆದು ಮುಗಿಸಬಹುದು. ಮದುವೆ ಗೊತ್ತಾದ ಹುಡುಗಿಯನ್ನು ಪ್ರೀತಿಸಿದ ಹುಡುಗ ಕೊನೆಗೆ ಅವಳನ್ನು ಬಿಟ್ಟುಕೊಡುತ್ತಾನೆ, ಅಷ್ಟೇ. ಕಥೆ ತೆಳುವೆಂದು ದೂರುವುದು ಸುಲಭ. ಆದರೆ ಯೋಗರಾಜ್ ಭಟ್ ಅವರು ಹೊರಟದ್ದು ತಿರುವುಗಳಿಂದ ಬೆರಗುಗೊಳಿಸಲು ಅಲ್ಲ. ಮಳೆ, ಮಾತು, ಹಾಡು ಮತ್ತು ದೇವದಾಸನೆಂಬ ಮೊಲ ಇವಿಷ್ಟನ್ನು ಇಟ್ಟುಕೊಂಡು ಒಬ್ಬ ತರಲೆ ಹುಡುಗನ ಸಂಕಟವನ್ನು ನಮ್ಮದಾಗಿಸಲು ಅವರು ಹೊರಟಿದ್ದರು, ಅದರಲ್ಲಿ ಗೆದ್ದರು. ಆ ಗೆಲುವನ್ನು ಕಂಡು ಮುಂದೆ ವರ್ಷಗಟ್ಟಲೆ ಬಂದ ಚಿತ್ರಗಳಲ್ಲಿ ಪಟಪಟ ಮಾತನಾಡುವ ನಾಯಕರೂ ಕಾರಣವಿಲ್ಲದೆ ಸುರಿಯುವ ಮಳೆಯೂ ತುಂಬಿಹೋದವು. ಸಂಕಟವೊಂದೇ ಇರಲಿಲ್ಲ. ಅವುಗಳನ್ನು ಸಹಿಸಿಕೊಂಡು ಕುಳಿತವರಿಗೆ ಮೂಲದ ಬೆಲೆ ಇನ್ನಷ್ಟು ಚೆನ್ನಾಗಿ ಅರ್ಥವಾಗಿರುತ್ತದೆ.

ಅಭಿಪ್ರಾಯವನ್ನು ಒಂದು ದೃಶ್ಯಕ್ಕೆ ಕಟ್ಟಿಹಾಕುವುದು ಈ ಮಾರ್ಗದರ್ಶಿಯ ಮುಖ್ಯ ಪಾಠ, ಹಾಗಾಗಿ ಇದನ್ನು ಸ್ವಲ್ಪ ವಿಸ್ತರಿಸುತ್ತೇನೆ. 2016ರಲ್ಲಿ ತೆರೆಕಂಡ, ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಈ ಚಿತ್ರಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು ಎಂದು ಹೇಳಿದರೆ ಅನೇಕರು ‘ಹಾಗಾದರೆ ನಮಗಲ್ಲ’ ಎಂದು ಹಿಂದೆ ಸರಿಯುತ್ತಾರೆ. ‘ಸಹಜ ಅಭಿನಯ’ ಎಂದರೂ ಯಾರಿಗೂ ಏನೂ ಕಾಣುವುದಿಲ್ಲ. ಅದರ ಬದಲು ಮೊದಲ ದೃಶ್ಯವನ್ನೇ ಹೇಳಿ. ನೂರು ದಾಟಿದ ಸೆಂಚುರಿ ಗೌಡ ಊರಬೀದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಒಬ್ಬೊಬ್ಬರಾಗಿ ಬೈಯುತ್ತಾ, ಕಿಚಾಯಿಸುತ್ತಾ ಇರುತ್ತಾನೆ. ಬೈಸಿಕೊಂಡವರಿಗೆ ಅದೇನೂ ಹೊಸತಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಮೂತ್ರಕ್ಕೆಂದು ಹೋದವನು ಅಲ್ಲೇ ಕುಸಿದು ಸಾಯುತ್ತಾನೆ. ಅಳು ತರಿಸುವ ಸಂಗೀತವಿಲ್ಲ, ಮುಖದ ಹತ್ತಿರ ನುಗ್ಗುವ ಕ್ಯಾಮೆರಾವಿಲ್ಲ. ನಗುತ್ತಿದ್ದ ನಮಗೆ ಸಾವು ಸಂಭವಿಸಿದೆ ಎಂಬುದು ಒಂದು ಕ್ಷಣ ತಡವಾಗಿ ಹೊಳೆಯುತ್ತದೆ. ಮಂಡ್ಯ ಸೀಮೆಯ ಹಳ್ಳಿಯ ಜನರೇ ಪಾತ್ರ ಮಾಡಿದ ಈ ಚಿತ್ರದಲ್ಲಿ ಸೆಂಚುರಿ ಗೌಡನ ಮಗ ಗಡ್ಡಪ್ಪ ತಂದೆಯ ಸಾವಿನ ಸುದ್ದಿ ಕೇಳಿಯೂ ತನ್ನ ಪಾಡಿಗೆ ಅಲೆಯುತ್ತಿರುತ್ತಾನೆ, ಮೊಮ್ಮಗ ತಮ್ಮಣ್ಣ ಜಮೀನು ಮಾರುವುದಕ್ಕಾಗಿ ಬದುಕಿರುವ ಗಡ್ಡಪ್ಪನೇ ಸತ್ತನೆಂದು ಕಾಗದ ಮಾಡಿಸಲು ಓಡಾಡುತ್ತಾನೆ. ಇಷ್ಟು ಹೇಳಿದರೆ ಕೇಳಿದವರು ಇದು ತಮಗೆ ಹಿಡಿಸುವುದೋ ಇಲ್ಲವೋ ಎಂಬುದನ್ನು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ತಮ್ಮಣ್ಣನ ಮಗನ ಪ್ರೇಮಪ್ರಸಂಗ ಉಳಿದ ಭಾಗದಷ್ಟು ಹಿಡಿಯಲಿಲ್ಲ. ಗಡ್ಡಪ್ಪ ತೆರೆಯ ಮೇಲಿಲ್ಲದಾಗ ಮನಸ್ಸು ಅವನನ್ನೇ ಹುಡುಕುತ್ತಿತ್ತು.

ಮೆಚ್ಚಿದ ಚಿತ್ರದಲ್ಲಿ ಕೊರತೆಯನ್ನೂ ಮೆಚ್ಚದ ಚಿತ್ರದಲ್ಲಿ ಗುಣವನ್ನೂ ಹೇಳಲು ಹಿಂಜರಿಯಬಾರದು. ‘ಕಾಂತಾರ’ (2022) ಚಿತ್ರದ ಕೊನೆಯ ಭಾಗದಲ್ಲಿ ರಿಷಬ್ ಶೆಟ್ಟಿಯವರ ಅಭಿನಯ ಕಂಡು ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿದು ಕುಳಿತದ್ದನ್ನು ನಾನೂ ಕಂಡಿದ್ದೇನೆ. ಆದರೆ ಅದೇ ಚಿತ್ರದ ಮೊದಲರ್ಧದಲ್ಲಿ ನಾಯಕ ಲೀಲಾಳ ಒಪ್ಪಿಗೆ ಕೇಳದೆ ಅವಳ ಸೊಂಟ ಚಿವುಟುವುದನ್ನು ತಮಾಷೆಯೆಂದು ತೋರಿಸಿದ್ದು ನನಗೆ ಸರಿಕಾಣಲಿಲ್ಲ, ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿ ಊರಿಗೂ ಉದ್ಯೋಗಕ್ಕೂ ನಡುವೆ ಸಿಕ್ಕಿಬಿದ್ದ ಅವಳ ಪಾತ್ರಕ್ಕೆ ಇನ್ನಷ್ಟು ಜಾಗ ಸಿಗಬೇಕಿತ್ತು. ಕ್ಲೈಮ್ಯಾಕ್ಸ್ ಅಷ್ಟು ದೊಡ್ಡದಾಗಿರುವಾಗ ಇದನ್ನೆಲ್ಲ ಎತ್ತುವುದು ಕೊಂಕು ಎನ್ನುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ, ಏಕೆಂದರೆ ನಾವು ಟಿಕೆಟ್ ತೆಗೆಯುವುದು ಇಡೀ ಚಿತ್ರಕ್ಕೆ. ‘ಕೆಜಿಎಫ್’ ಸರಣಿಯದು ಇದಕ್ಕೆ ವಿರುದ್ಧವಾದ ಉದಾಹರಣೆ. ಒಂದೊಂದು ವಾಕ್ಯವೂ ಘೋಷಣೆಯಾಗುವ ಅದರ ಸಂಭಾಷಣೆ ಸ್ವಲ್ಪ ಹೊತ್ತಿಗೆ ನನ್ನನ್ನು ದಣಿಸುತ್ತದೆ. ಆದರೂ 2018ರ ಮೊದಲ ಭಾಗದಲ್ಲಿ ಅನಂತ್ ನಾಗ್ ಅವರ ಧ್ವನಿ ಕಥೆಯನ್ನು ಹೇಳುತ್ತಾ ಹೋಗುವ ರೀತಿಯಲ್ಲಿ ಒಂದು ಗಾಂಭೀರ್ಯವಿದೆ, ಗಣಿಯ ಧೂಳು ಮೈಗೆ ಅಂಟುವಂತೆ ಚಿತ್ರಿಸಿದ ಛಾಯಾಗ್ರಹಣದಲ್ಲಿ ಶ್ರಮವಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ತಪ್ಪು ಯಾವ ವಿಭಾಗದ್ದು ಎಂಬುದನ್ನು ಸ್ವಲ್ಪ ಯೋಚಿಸಿ ಹೇಳಿದರೆ ಮಾತು ಗಟ್ಟಿಯಾಗುತ್ತದೆ. ಒಂದು ದೃಶ್ಯದಲ್ಲಿ ಹೇಳಬೇಕಾದದ್ದು ಮುಗಿದ ಮೇಲೂ ಅದು ಮುಂದುವರಿಯುತ್ತಿದ್ದರೆ ಸಂಕಲನದ ಕಡೆ ನೋಡಿ. ತಂದೆ ಸತ್ತ ಮರುದೃಶ್ಯದಲ್ಲೇ ನಾಯಕ ವಿದೇಶದ ರಸ್ತೆಯಲ್ಲಿ ಕುಣಿಯುತ್ತಿದ್ದರೆ ಅದು ಚಿತ್ರಕಥೆಯ ದೋಷ, ಹಾಡು ಎಷ್ಟೇ ಇಂಪಾಗಿದ್ದರೂ ಸಂಗೀತ ನಿರ್ದೇಶಕರು ಅಲ್ಲಿ ಏನೂ ಮಾಡಲಾರರು. ನಟಿಗೆ ಕನ್ನಡ ಬರದೆ ತುಟಿಗೂ ಮಾತಿಗೂ ತಾಳ ತಪ್ಪಿದ್ದರೆ ಪಾತ್ರಕ್ಕೆ ಅವರನ್ನು ಆರಿಸಿದವರನ್ನೂ ಡಬ್ಬಿಂಗ್ ಮಾಡಿಸಿದವರನ್ನೂ ಕೇಳಬೇಕು. ಕಾದಂಬರಿ ಆಧರಿಸಿದ ಚಿತ್ರವಾದರೆ ಓದಿದವರ ಸಿಟ್ಟನ್ನು ಸ್ವಲ್ಪ ಪಕ್ಕಕ್ಕಿಡಬೇಕಾಗುತ್ತದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಚಿತ್ರದೊಳಗೆ ತಂದಿತು. ಬಿಟ್ಟುಹೋದದ್ದರ ಪಟ್ಟಿ ಮಾಡಲು ಹೊರಟರೆ ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟ್ರ ನಂಟು ತೆರೆಯ ಮೇಲೆ ಎಷ್ಟು ಜೀವಂತವಾಗಿದೆ ಎಂಬುದೇ ಮರೆತುಹೋಗುತ್ತದೆ. ರೀಮೇಕ್‌ಗಳಿಗೂ ಈ ಮಾತು ಹೆಚ್ಚುಕಡಿಮೆ ಅನ್ವಯಿಸುತ್ತದೆ.

ಗಳಿಕೆಯ ಲೆಕ್ಕವನ್ನು ಅಭಿಪ್ರಾಯದೊಳಗೆ ಬರಗೊಡಬೇಡಿ. ‘ರಂಗಿತರಂಗ’ 2015ರ ಜುಲೈ 3ರಂದು ತೆರೆಕಂಡಿತು, ಒಂದೇ ವಾರದಲ್ಲಿ ‘ಬಾಹುಬಲಿ’ ಬಂತು. ಹೊಸಬರ ಚಿತ್ರಕ್ಕೆ ಪರದೆಗಳಿಗಾಗಿ ಪರದಾಡಬೇಕಾಯಿತು. ಅದು ಮತ್ತೆ ಚೇತರಿಸಿಕೊಂಡದ್ದು ನೋಡಿದವರ ಬಾಯಿಮಾತಿನಿಂದ. ಎಷ್ಟು ಪರದೆ, ಎಷ್ಟು ಕೋಟಿ ಎಂಬುದು ವಿತರಕರ ಚಿಂತೆ. ನೆಚ್ಚಿನ ನಟರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಎಂಟ್ರಿ ದೃಶ್ಯಕ್ಕೆ ಶಿಳ್ಳೆ ಹೊಡೆಯಿರಿ, ತಪ್ಪೇನಿಲ್ಲ. ಆದರೆ ಅದೇ ಪಾತ್ರವನ್ನು ಹೆಸರೇ ಕೇಳಿರದ ನಟನೊಬ್ಬ ಮಾಡಿದ್ದರೆ ನಾನು ಇಷ್ಟು ಹೊತ್ತು ಕೂರುತ್ತಿದ್ದೆನೇ ಎಂದು ಮನೆಗೆ ಬರುವ ದಾರಿಯಲ್ಲಿ ಕೇಳಿಕೊಳ್ಳಿ. ಕೆಟ್ಟದೆನಿಸಿದರೆ ಚಿತ್ರವನ್ನು ಟೀಕಿಸಿ, ನಟಿಯ ಮೈಕಟ್ಟನ್ನೋ ನಟನ ವಯಸ್ಸನ್ನೋ ಅಲ್ಲ.

ಹೇಳುವಾಗ ಕೆಲವು ಪ್ರಾಯೋಗಿಕ ಸಂಗತಿಗಳನ್ನು ಗಮನದಲ್ಲಿಡಬೇಕು. ಮಧ್ಯಂತರದ ನಂತರದ ಕಥೆಯನ್ನು ಬಿಟ್ಟುಕೊಡಬೇಡಿ, ಬಿಡಲೇಬೇಕಾದರೆ ಮೊದಲೇ ಎಚ್ಚರಿಸಿ. ಮಕ್ಕಳೊಂದಿಗೆ ಹೋಗುವವರಿಗಾಗಿ ಸೆನ್ಸಾರ್ ಪ್ರಮಾಣಪತ್ರವನ್ನು ಗಮನಿಸಿ ತಿಳಿಸಿ. ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯುಎ ವರ್ಗವನ್ನು 2024ರಿಂದ ಯುಎ 7+, ಯುಎ 13+, ಯುಎ 16+ ಎಂದು ವಿಂಗಡಿಸಿರುವುದರಿಂದ ಇದು ಈಗ ಮೊದಲಿಗಿಂತ ಉಪಯುಕ್ತ ಮಾಹಿತಿ. ಪ್ರಮಾಣಪತ್ರ ಹೇಳದ ಸಂಗತಿಗಳನ್ನು, ಉದಾಹರಣೆಗೆ ಎರಡು ಅರ್ಥದ ಮಾತುಗಳು ಎಷ್ಟಿವೆ ಎಂಬುದನ್ನು ನೀವು ಹೇಳಿದರೆ ಅಜ್ಜಿಯನ್ನು ಜೊತೆಗೆ ಕರೆದೊಯ್ಯುವವರು ಮುಜುಗರದಿಂದ ಪಾರಾಗುತ್ತಾರೆ. ಮೆಚ್ಚಿದ ದೃಶ್ಯವನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್‌ಗೆ ಹಾಕುವ ಅಭ್ಯಾಸವನ್ನು ಮಾತ್ರ ಬಿಟ್ಟುಬಿಡಿ. ಚಿತ್ರಮಂದಿರದಲ್ಲಿ ಅನುಮತಿಯಿಲ್ಲದೆ ಚಿತ್ರವನ್ನು ಮುದ್ರಿಸಿಕೊಳ್ಳುವುದಕ್ಕೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಕನಿಷ್ಠ 3 ತಿಂಗಳ ಸೆರೆವಾಸ ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡವನ್ನು ವಿಧಿಸುತ್ತದೆ.

ಬರೆದಿಟ್ಟ ಅಭಿಪ್ರಾಯದ ಕೆಳಗೆ ದಿನಾಂಕ ಹಾಕಿಡುವುದು ಒಳ್ಳೆಯದು. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಹೆಚ್ಚಿನವರನ್ನು ತಲುಪಲಿಲ್ಲ. ಒಂದೇ ಘಟನೆಯನ್ನು ಬೇರೆಬೇರೆಯವರು ಕಂಡಂತೆ ಅಧ್ಯಾಯಗಳಾಗಿ ಹೇಳುವ ಅದರ ಕ್ರಮ ಒಮ್ಮೆ ನೋಡಿದವರಿಗೆ ಗೋಜಲೆನಿಸಬಹುದು. ಮುಂದೆ ಮನೆಗಳಲ್ಲಿ ಮತ್ತೆಮತ್ತೆ ನೋಡಿದವರು ಅದನ್ನು ಹಚ್ಚಿಕೊಂಡರು. ನಿಮ್ಮ ಅಭಿಪ್ರಾಯವೂ ಎರಡನೆಯ ಸಲಕ್ಕೆ ಬದಲಾದರೆ ಹಳೆಯದನ್ನು ಅಳಿಸದೆ ಅದರ ಕೆಳಗೇ ಹೊಸದನ್ನು ಬರೆಯಿರಿ, ಯಾವ ದೃಶ್ಯ ನಿಮ್ಮ ಮನಸ್ಸನ್ನು ಬದಲಿಸಿತೆಂಬುದನ್ನೂ ಸೇರಿಸಿ. ಬದಲಾಗದಿದ್ದರೆ, ಊರೆಲ್ಲ ಹೊಗಳುತ್ತಿದೆಯೆಂಬ ಕಾರಣಕ್ಕೆ ತಿದ್ದುವ ಅಗತ್ಯವಿಲ್ಲ.